ಪ್ರಾರ್ಥಿಸಿದರೂ ಹೋಗದ ಹೆದರಿಕೆ: ನನ್ನ ನಂಬಿಕೆಯೇ ಕಡಿಮೆಯೇ?

ಪ್ರಶ್ನೆ: ನನಗೆ 36 ವರ್ಷ. ಬೆಟಗೇರಿಯಲ್ಲಿ ವಾಸ, ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ಇಬ್ಬರು ಮಕ್ಕಳು. ಯಜಮಾನರು ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರರು. ನಮ್ಮದು ಮೂರು ತಲೆಮಾರಿನಿಂದ ಕ್ರೈಸ್ತ ಮನೆತನ. ಕಳೆದ ವರ್ಷ ನನ್ನ ತಂದೆಯವರು ಹೃದಯಾಘಾತದಿಂದ ತೀರಿಕೊಂಡರು. ಎರಡು ತಿಂಗಳ ನಂತರ ಹುಬ್ಬಳ್ಳಿಗೆ ಹೊರಟಾಗ, ಬಸ್ಸು ಅಣ್ಣಿಗೇರಿ ದಾಟುತ್ತಿದ್ದಂತೆ ಎದೆ ಡವಡವ ಹೊಡೆದುಕೊಂಡು, ಉಸಿರು ಕಟ್ಟಿ, ಬೆರಳುಗಳು ಜೋಮು ಹಿಡಿದು, ಈಗಲೇ ಸತ್ತೆ ಅನ್ನಿಸಿತು. ದವಾಖಾನೆಯಲ್ಲಿ ಇಸಿಜಿ ಮಾಡಿ, ಬರೀ ಟೆನ್ಷನ್, ಮರೆತುಬಿಡಿ ಎಂದು ಕಳಿಸಿದರು. ಆಮೇಲೆ ಏಳೆಂಟು ಸಲ ಹೀಗಾಯಿತು. ಮನೋವೈದ್ಯರು ಹೆದರಿಕೆ ತಗ್ಗಿಸುವ ಎಸಿಟಾಲೊಪ್ರಾಮ್ ಗುಳಿಗೆ ಕೊಟ್ಟರು. ಐದು ವಾರಕ್ಕೆ ಸ್ವಲ್ಪ ಹಗುರವಾಗಿತ್ತು. ಅಷ್ಟರಲ್ಲಿ ನನ್ನ ನಾದಿನಿ ತಾನು ಹೋಗುವ ಪ್ರಾರ್ಥನಾ ಕೂಟಕ್ಕೆ ಕರೆದೊಯ್ದಳು. ಅಲ್ಲಿ, ನಿನ್ನಲ್ಲಿ ಭಯದ ಆತ್ಮ ಸೇರಿದೆ, ಗುಳಿಗೆಯನ್ನು ನಂಬುವ ತನಕ ದೇವರು ಮುಟ್ಟುವುದಿಲ್ಲ ಎಂದರು. ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿ ಗುಳಿಗೆಯನ್ನು ಒಮ್ಮೆಲೇ ಬಿಟ್ಟೆ. ಅಂದಿನಿಂದ ತಲೆ ತಿರುಗುವುದು, ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು ಶುರುವಾಗಿ ಇನ್ನಷ್ಟು ಹೆದರಿದೆ. ಈಗ ಮನೆಯಿಂದ ಹೊರಡುವ ಮೊದಲು ಬೈಬಲಿನ 91ನೆಯ ಕೀರ್ತನೆಯನ್ನು ಏಳು ಸಲ ಹೇಳುತ್ತೇನೆ. ನಡುವೆ ತಪ್ಪಿದರೆ ಮತ್ತೆ ಮೊದಲಿನಿಂದ. ಆದರೂ ಎರಡು ತಿಂಗಳಿಂದ ಹುಬ್ಬಳ್ಳಿ ಬಸ್ಸು ಹತ್ತಲು ಆಗಿಲ್ಲ. ನನ್ನ ನಂಬಿಕೆ ಕಡಿಮೆಯೇ? ಗುಳಿಗೆ ತೆಗೆದುಕೊಳ್ಳಲೋ, ಪ್ರಾರ್ಥನೆಯಲ್ಲೇ ಮುಂದುವರಿಯಲೋ?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ಎರಡು ಹೆದರಿಕೆಗಳಿವೆ. ಒಂದು ಬಸ್ಸಿನಲ್ಲಿ ಬಂದದ್ದು. ಇನ್ನೊಂದು, ಆ ಹೆದರಿಕೆ ಬಂತೆಂಬುದೇ ನಿಮ್ಮ ನಂಬಿಕೆಯ ಕೊರತೆಗೆ ಸಾಕ್ಷಿಯಾಯಿತೇನೋ ಎಂಬ ಹೆದರಿಕೆ. ಧಾರವಾಡದಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಮನೋವೈದ್ಯನಾಗಿ ಕೆಲಸ ಮಾಡಿದ, ಭಾನುವಾರ ತಪ್ಪದೆ ಆರಾಧನೆಗೆ ಹೋಗುವ ನನ್ನ ಅನುಭವದಲ್ಲಿ, ಕ್ರೈಸ್ತ ರೋಗಿಗಳನ್ನು ಹೆಚ್ಚು ಹಣ್ಣು ಮಾಡುವುದು ಈ ಎರಡನೆಯದೇ. ಮೊದಲನೆಯದಕ್ಕೆ ಹೆಸರಿದೆ, ಚಿಕಿತ್ಸೆಯಿದೆ, ಬಹುಪಾಲು ಜನರಿಗೆ ಗುಣವೂ ಆಗುತ್ತದೆ.

ನೀವು ವಿವರಿಸಿದ್ದನ್ನು ನಾವು ಪ್ಯಾನಿಕ್ ಅಟ್ಯಾಕ್ ಎನ್ನುತ್ತೇವೆ. ಕನ್ನಡದಲ್ಲಿ ದಿಗಿಲಿನ ಆಘಾತ ಎನ್ನಬಹುದು. ಅದು ಪದೇ ಪದೇ ಬಂದು, ಮತ್ತೆ ಬಂದೀತು ಎಂಬ ಭಯಕ್ಕೆ ಮನುಷ್ಯ ಓಡಾಟವನ್ನೇ ಕಡಿಮೆ ಮಾಡಿಕೊಂಡಾಗ ಕಾಯಿಲೆಯ ಹಂತಕ್ಕೆ ಬಂದಿದೆ ಎಂದು ತಿಳಿಯುತ್ತೇವೆ. ಪತ್ರ ಓದಿಯೇ ಖಚಿತ ರೋಗನಿರ್ಣಯ ಮಾಡಲು ಬರುವುದಿಲ್ಲ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ, ರಕ್ತಹೀನತೆಯಿದ್ದರೂ, ಹೃದಯದ ಬಡಿತದ ಲಯ ಆಗಾಗ ತಪ್ಪುತ್ತಿದ್ದರೂ ಇಂಥವೇ ಲಕ್ಷಣಗಳು ಕಾಣಿಸಬಹುದು. ಇಸಿಜಿ ಆಗಿದೆ, ಸರಿ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಆಗಿರದಿದ್ದರೆ ಅವನ್ನೂ ಮಾಡಿಸಿ. ದಿನಕ್ಕೆ ಎಷ್ಟು ಕಪ್ ಚಹಾ ಕುಡಿಯುತ್ತೀರಿ ಎಂಬುದನ್ನೂ ಲೆಕ್ಕ ಹಾಕಿ. ಶಾಲೆಯ ಸ್ಟಾಫ್ ರೂಮಿನ ಚಹಾ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದು ನನಗೆ ಗೊತ್ತು.

ಆ ದಿನ ಅಣ್ಣಿಗೇರಿಯ ಹತ್ತಿರ ನಿಮ್ಮ ದೇಹದಲ್ಲಿ ಏನಾಯಿತು? ಅಪಾಯ ಬಂದಾಗ ಓಡಲು ಅಥವಾ ಎದುರಿಸಲು ದೇಹವನ್ನು ಸಜ್ಜುಗೊಳಿಸುವ ಒಂದು ವ್ಯವಸ್ಥೆ ಎಲ್ಲರಲ್ಲೂ ಇದೆ. ಅದು ಎಚ್ಚೆತ್ತಾಗ ಅಡ್ರಿನಲಿನ್ ಎಂಬ ಹಾರ್ಮೋನು ಸುರಿಯುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ಉಸಿರಾಟ ವೇಗವಾಗುತ್ತದೆ. ವೇಗದ ಉಸಿರಾಟದಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಪ್ರಮಾಣ ಕುಸಿಯುತ್ತದೆ. ಬೆರಳುಗಳು ಜೋಮು ಹಿಡಿಯುವುದು, ತಲೆ ಹಗುರಾದಂತಾಗುವುದು ಮುಖ್ಯವಾಗಿ ಅದರಿಂದ. ಗಾಳಿಯನ್ನು ಹೆಚ್ಚಾಗಿ ಎಳೆದುಕೊಳ್ಳುತ್ತಿರುವಾಗಲೇ ಗಾಳಿ ಸಾಲುತ್ತಿಲ್ಲ ಅನ್ನಿಸುವುದು ಇದರ ವಿಚಿತ್ರ. ಕಳ್ಳನಿಲ್ಲದಿದ್ದರೂ ನಾಯಿ ಬೊಗಳಿತು. ನಾಯಿ ಕೆಟ್ಟದ್ದಲ್ಲ, ಅದರ ಗಂಟಲೂ ಸರಿಯಾಗಿಯೇ ಇದೆ, ಬೊಗಳಿದ ಹೊತ್ತು ಮಾತ್ರ ತಪ್ಪು. ತಂದೆಯವರ ಹೃದಯ ನಿಂತದ್ದನ್ನು ಎರಡು ತಿಂಗಳ ಹಿಂದಷ್ಟೇ ಕಂಡಿದ್ದ ನಿಮಗೆ, ನಿಮ್ಮದೇ ಎದೆಯ ಒಂದು ಸಣ್ಣ ಬಡಿತ ಸಾವಿನ ಸೂಚನೆಯಂತೆ ಕೇಳಿಸಿತು. ಹಾಗೆ ಕೇಳಿಸಿದ್ದರಿಂದ ಇನ್ನಷ್ಟು ಅಡ್ರಿನಲಿನ್, ಅದರಿಂದ ಇನ್ನಷ್ಟು ಬಡಿತ. ಇಂಥ ಆಘಾತ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ, ಅರ್ಧ ಗಂಟೆಯೊಳಗೆ ತಾನಾಗಿಯೇ ಇಳಿಯುತ್ತದೆ. ಅಂದು ನಿಮಗೆ ಆ ಇಳಿತ ಗೊತ್ತಾಗಲಿಲ್ಲ. ಬಸ್ಸು ಎಂದರೆ ಅಪಾಯ ಎಂಬುದಷ್ಟೇ ಮಿದುಳಿನಲ್ಲಿ ಉಳಿಯಿತು. ಆದ್ದರಿಂದ ಬರೀ ಟೆನ್ಷನ್, ಮರೆತುಬಿಡಿ ಎಂದವರ ಮಾತೂ ಸರಿಯಲ್ಲ. ಮರೆಯಲು ಆಗುವಂತಿದ್ದರೆ ನೀವು ಅವರ ಬಳಿ ಹೋಗುತ್ತಲೇ ಇರಲಿಲ್ಲ.

ಇನ್ನು ಗುಳಿಗೆ ಬಿಟ್ಟ ಮೇಲೆ ಬಂದ ತಲೆಸುತ್ತು ಮತ್ತು ಕರೆಂಟ್ ಹೊಡೆದ ಅನುಭವ. ಅದು ಸೈತಾನನ ಕೆಲಸವೂ ಅಲ್ಲ, ಹೊಸ ಕಾಯಿಲೆಯೂ ಅಲ್ಲ. ಎಸಿಟಾಲೊಪ್ರಾಮ್ ಗುಂಪಿನ ಔಷಧಗಳನ್ನು ಕೆಲವು ವಾರ ತೆಗೆದುಕೊಂಡು ದಿಢೀರನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಇದೇ ರೀತಿ ಆಗುವುದುಂಟು. ಹೆಚ್ಚಿನವರಲ್ಲಿ ಒಂದೆರಡು ವಾರಗಳಲ್ಲಿ ಕಡಿಮೆಯಾಗುತ್ತದೆ. ಇದಕ್ಕೆಂದೇ ನಾವು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತೇವೆ. ಜೊತೆಗೆ ನೀವು ಮೂರು ದಿನ ಉಪವಾಸವಿದ್ದಿರಿ. ಖಾಲಿ ಹೊಟ್ಟೆಯಲ್ಲಿ, ನೀರೂ ಕಡಿಮೆಯಾದ ದೇಹ ತಾನಾಗಿಯೇ ನಡುಗುತ್ತದೆ, ಎದೆ ಬಡಿತ ಏರುತ್ತದೆ. ಉಪವಾಸ ಪ್ರಾರ್ಥನೆಯ ಬಗ್ಗೆ ನನಗೆ ಗೌರವವಿದೆ, ಆದರೆ ಈ ಕಾಯಿಲೆ ಹತೋಟಿಗೆ ಬರುವ ತನಕ ನೀವು ಉಪವಾಸ ಮಾಡಬಾರದು.

ಈಗ ಭಯದ ಆತ್ಮದ ಮಾತು. ಬೈಬಲಿನಲ್ಲಿ ಅಪೊಸ್ತಲ ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದ 7ನೆಯ ವಚನವನ್ನು, ಅಂದರೆ ದೇವರು ನಮಗೆ ಕೊಟ್ಟಿರುವುದು ಭಯದ ಆತ್ಮವಲ್ಲ ಎಂಬ ಮಾತನ್ನು, ಆಧಾರವಾಗಿ ಕೊಟ್ಟಿರುತ್ತಾರೆ. ಅಲ್ಲಿ ಭಯಕ್ಕೆ ಬಳಸಿರುವ ಗ್ರೀಕ್ ಪದಕ್ಕೆ ಹೇಡಿತನ ಎಂಬ ಅರ್ಥವೇ ಹತ್ತಿರ. ಸೆರೆಯಲ್ಲಿರುವ ತನ್ನ ವಿಷಯದಲ್ಲಿ ಮತ್ತು ಸುವಾರ್ತೆಯ ವಿಷಯದಲ್ಲಿ ನಾಚಿಕೆಪಡಬೇಡ ಎಂದು ಪೌಲನು ಒಬ್ಬ ಯುವಕನಿಗೆ ಧೈರ್ಯ ಹೇಳುವ ಸಂದರ್ಭ ಅದು. ಎದೆ ಬಡಿತ, ಉಸಿರುಗಟ್ಟುವಿಕೆಗಳ ಪ್ರಸ್ತಾಪ ಅಲ್ಲಿಲ್ಲ. ಅದೇ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ, ನಿನ್ನ ಹೊಟ್ಟೆಗೂ ಆಗಾಗ ಬರುವ ಕಾಯಿಲೆಗೂ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಪೌಲನೇ ಸೂಚಿಸುತ್ತಾನೆ. ನಿನಗೆ ನಂಬಿಕೆ ಸಾಲದು, ಅದಕ್ಕೇ ಹೊಟ್ಟೆನೋವು ಎಂದು ಬರೆಯಲಿಲ್ಲ. ಅವನ ಜೊತೆಗಾರ ಲೂಕನು ವೈದ್ಯನಾಗಿದ್ದ.

ಚಿಂತೆ ಮಾಡಬೇಡಿರಿ ಎಂಬ ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದ ಮಾತನ್ನೂ ನಿಮಗೆ ಹೇಳಿಯೇ ಇರುತ್ತಾರೆ. ಅಲ್ಲಿ ಚಿಂತೆಗೆ ಬಳಸಿರುವ ಗ್ರೀಕ್ ಪದ ಮೆರಿಮ್ನ ಎಂಬುದರಿಂದ ಬಂದದ್ದು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 11ನೆಯ ಅಧ್ಯಾಯದಲ್ಲಿ ಪೌಲನು ತನ್ನ ಕಷ್ಟಗಳನ್ನು ಪಟ್ಟಿ ಮಾಡಿ, ಎಲ್ಲ ಕ್ರೈಸ್ತ ಸಭೆಗಳ ಚಿಂತೆ ದಿನದಿನವೂ ನನ್ನ ಮೇಲಿದೆ ಎನ್ನುವಾಗ ಬಳಸಿದ್ದೂ ಅದೇ ಪದ. ಅದೇ ಪತ್ರದ ಏಳನೆಯ ಅಧ್ಯಾಯದಲ್ಲಿ, ಹೊರಗೆ ಜಗಳ, ಒಳಗೆ ಭಯ ಎಂದು ತನ್ನ ಸ್ಥಿತಿಯನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಾನೆ. ಹಾಗಾಗಿ ಚಿಂತೆ ಮಾಡಬೇಡಿರಿ ಎಂಬುದನ್ನು, ಚಿಂತೆ ಬಂದವರ ನಂಬಿಕೆ ಸುಳ್ಳು ಎಂಬ ತೀರ್ಪಾಗಿ ಓದಿದರೆ ಅದನ್ನು ಬರೆದವನೇ ಮೊದಲ ಅಪರಾಧಿಯಾಗುತ್ತಾನೆ. ಅದು ಚಿಂತೆಯಲ್ಲಿದ್ದವರಿಗೆ, ಚಿಂತೆಯನ್ನು ಬಲ್ಲವನೊಬ್ಬ ಸೆರೆಯಿಂದ ಹೇಳಿದ ಸಾಂತ್ವನ.

ಎಲೀಯನ ಕತೆಯನ್ನು ನಾನು ಚಿಕಿತ್ಸಾಲಯದಲ್ಲಿ ಹೆಚ್ಚಾಗಿ ಹೇಳುತ್ತೇನೆ. ಅದು ಬೈಬಲಿನ ಅರಸುಗಳು ಪುಸ್ತಕದ ಮೊದಲನೆಯ ಭಾಗದ 19ನೆಯ ಅಧ್ಯಾಯದಲ್ಲಿದೆ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಹೆದರಿ ಅಡವಿಗೆ ಓಡಿ, ಗಿಡದ ಕೆಳಗೆ ಕುಳಿತು, ಸಾವು ಬಂದರೆ ಸಾಕು ಎನ್ನುತ್ತಾನೆ. ದೇವದೂತನು ಬಂದು ಗದರಿಸಲಿಲ್ಲ, ಯಾವ ಆತ್ಮವನ್ನೂ ಬಿಡಿಸಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟ. ಮತ್ತೊಮ್ಮೆ ಎಬ್ಬಿಸಿ, ದಾರಿ ದೂರವಿದೆ, ಉಣ್ಣು ಎಂದ. ದೇವರೊಡನೆ ಮಾತುಕತೆ ನಡೆದದ್ದು ಅದರ ನಂತರ. ದಣಿದ ದೇಹಕ್ಕೆ ಮೊದಲು ಊಟ ಮತ್ತು ನಿದ್ದೆ ಎಂಬ ಈ ಕ್ರಮವನ್ನು ಯಾವ ಮನೋವೈದ್ಯನೂ ತಿದ್ದಲಾರ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು 91ನೆಯ ಕೀರ್ತನೆಯ ಏಳು ಸಲದ ಲೆಕ್ಕ. ಇಲ್ಲಿ ಸ್ವಲ್ಪ ನಿಧಾನವಾಗಿ ವಿವರಿಸಬೇಕು, ಏಕೆಂದರೆ ನಾನೇ ಒಮ್ಮೆ ಇಲ್ಲಿ ಎಡವಿದ್ದೇನೆ. ವೃತ್ತಿಯ ಆರಂಭದಲ್ಲಿ, ಹೀಗೆಯೇ ಕೀರ್ತನೆಗಳನ್ನು ಎಣಿಸಿ ಎಣಿಸಿ ಹೇಳುತ್ತಿದ್ದ ಹಿರಿಯರೊಬ್ಬರಿಗೆ, ಇದೆಲ್ಲ ಬಿಟ್ಟು ಗುಳಿಗೆ ಸರಿಯಾಗಿ ತೆಗೆದುಕೊಳ್ಳಿ ಎಂದು ಅವಸರದಲ್ಲಿ ಹೇಳಿಬಿಟ್ಟೆ. ಅವರು ಮತ್ತೆ ಬರಲಿಲ್ಲ. ನಾನು ಅವರ ದೇವರನ್ನೇ ಬಿಡಲು ಹೇಳುತ್ತಿದ್ದೇನೆಂದು ಅವರಿಗೆ ಅನ್ನಿಸಿರಬೇಕು. ಅದು ಅವರ ತಪ್ಪಲ್ಲ.

ಆಗ ನಾನು ಬಿಡಿಸಿ ಹೇಳಬೇಕಿದ್ದದ್ದು ಇದು. ಹೆದರಿಕೆಯ ಕಾಯಿಲೆ ಇರುವವರು ಸುರಕ್ಷಿತವಾಗಿರಲು ಒಂದೊಂದು ಊರುಗೋಲು ಹಿಡಿಯುತ್ತಾರೆ. ಕೆಲವರು ನೀರಿನ ಬಾಟಲಿಯಿಲ್ಲದೆ ಹೊರಡುವುದಿಲ್ಲ, ಕೆಲವರು ಬಸ್ಸಿನ ಬಾಗಿಲ ಬಳಿಯ ಸೀಟೇ ಬೇಕೆನ್ನುತ್ತಾರೆ, ಕೆಲವರು ಕಿಸೆಯಲ್ಲಿ ಒಂದು ಗುಳಿಗೆ ಇಟ್ಟುಕೊಂಡು ಮುಟ್ಟಿ ಮುಟ್ಟಿ ನೋಡುತ್ತಾರೆ. ಪ್ರಯಾಣ ಸುಖವಾಗಿ ಮುಗಿದರೆ ಮಿದುಳು, ಅಪಾಯವೇ ಇರಲಿಲ್ಲ ಎಂದು ಕಲಿಯುವುದಿಲ್ಲ. ಬಾಟಲಿ ಇದ್ದುದರಿಂದ ಬದುಕಿದೆ ಎಂದು ಕಲಿಯುತ್ತದೆ. ಹೆದರಿಕೆ ಹಾಗೆಯೇ ಉಳಿಯುತ್ತದೆ, ಊರುಗೋಲು ಮಾತ್ರ ದಪ್ಪವಾಗುತ್ತದೆ. ಏಳು ಸಲ, ತಪ್ಪಿದರೆ ಮೊದಲಿನಿಂದ ಎಂಬ ನಿಯಮ ಬಂದಾಗ ಕೀರ್ತನೆಯೂ ಅಂಥ ಊರುಗೋಲಾಗಿದೆ. ಅದು ಇನ್ನೂ ಗಟ್ಟಿಯಾಗಿ, ದಿನದ ಬಹಳ ಹೊತ್ತನ್ನು ತಿನ್ನತೊಡಗಿದರೆ, ಅಥವಾ ಕ್ಷಮೆಯಿಲ್ಲದ ಪಾಪ ಮಾಡಿದೆನೇ, ದೇವದೂಷಣೆಯ ಮಾತು ಮನಸ್ಸಿಗೇಕೆ ಬಂತು ಎಂಬ ಯೋಚನೆ ಬಿಡದೆ ಕಾಡತೊಡಗಿದರೆ, ಅದು ಗೀಳು ಕಾಯಿಲೆಯ ಕಡೆಗೆ ತಿರುಗುತ್ತಿರಬಹುದು. ಅದರ ಚಿಕಿತ್ಸೆ ಸ್ವಲ್ಪ ಬೇರೆ. ನಿಮಗೆ ಹಾಗಾಗಿದೆ ಎನ್ನುತ್ತಿಲ್ಲ, ಆದರೆ ವೈದ್ಯರಿಗೆ ಈ ಏಳರ ಲೆಕ್ಕವನ್ನು ಮುಚ್ಚಿಡದೆ ಹೇಳಿ.

91ನೆಯ ಕೀರ್ತನೆಯ ಬಗ್ಗೆಯೇ ಒಂದು ಸಂಗತಿಯನ್ನು ನೆನಪಿಸುತ್ತೇನೆ. ಅಡವಿಯಲ್ಲಿ ಯೇಸುವನ್ನು ಪರೀಕ್ಷಿಸಿದ ಸೈತಾನನು, ದೇವಾಲಯದ ತುದಿಯಿಂದ ಧುಮುಕು, ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು ಎಂದು ಉದ್ಧರಿಸಿದ್ದು ಈ ಕೀರ್ತನೆಯನ್ನೇ. ಯೇಸು ಕೀರ್ತನೆಯನ್ನು ತಳ್ಳಿಹಾಕಲಿಲ್ಲ, ಅದನ್ನು ಖಾತರಿಪತ್ರದಂತೆ ಬಳಸುವುದನ್ನು ನಿರಾಕರಿಸಿದ. ಎಣಿಸಿ ಹೇಳಿದಾಗ ನೀವು ಕೇಳುತ್ತಿರುವುದೂ ಖಾತರಿಯನ್ನೇ: ಇವತ್ತು ಎದೆ ಬಡಿಯದಿರಲಿ. ಬಡಿಯಿತೇ ಬಡಿಯಲಿಲ್ಲವೇ ಎಂದು ಪ್ರತಿ ನಿಮಿಷ ಪರೀಕ್ಷಿಸಿ ನೋಡಿದಾಗ ಎದೆ ಬಡಿದೇ ಬಡಿಯುತ್ತದೆ. ಆಗ ಪ್ರಾರ್ಥನೆ ಸೋತಿತು ಅನ್ನಿಸುತ್ತದೆ, ಎರಡನೆಯ ಹೆದರಿಕೆ ಬೆಳೆಯುತ್ತದೆ.

ಪ್ರಾರ್ಥನೆಯನ್ನು ಬಿಡಬೇಡಿ, ಅದರ ಬೇಡಿಕೆಯನ್ನು ಬದಲಿಸಿ. 56ನೆಯ ಕೀರ್ತನೆಯ ಮೂರನೆಯ ವಚನದಲ್ಲಿ ಹೆದರಿಕೆ ಉಂಟಾದಾಗ ನಿನ್ನನ್ನೇ ಆಶ್ರಯಿಸುವೆನು ಎಂಬ ಭಾವವಿದೆ. ಹೆದರಿಕೆ ಹೋದ ಮೇಲೆ ಅಲ್ಲ, ಹೆದರಿಕೆ ಇರುವಾಗಲೇ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಸಂಕಟದ ಪಾತ್ರೆ ತೊಲಗಲಿ ಎಂದು ಮೂರು ಸಲ ಬೇಡಿದ, ಪಾತ್ರೆ ತೊಲಗಲಿಲ್ಲ. ಆ ಸಂಕಟದಲ್ಲಿ ಅವನ ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತೆಂದು ಬರೆದವನು ವೈದ್ಯ ಲೂಕ. ಅದನ್ನು ನಂಬಿಕೆಯ ಕೊರತೆ ಎಂದು ಯಾವ ಸಭೆಯೂ ಬೋಧಿಸುವುದಿಲ್ಲ. ಹಾಗಾದರೆ ಬೆಟಗೇರಿಯ ಒಬ್ಬ ಶಿಕ್ಷಕಿಯ ಬೆವರಿಗೆ ಮಾತ್ರ ಬೇರೆ ಅಳತೆ ಏಕೆ? ಬಸ್ಸಿನಲ್ಲಿ ಕುಳಿತಾಗ ಒಂದೇ ಸಲ, ಎಣಿಸದೆ, ಇದು ಹೋಗಲಿ ಎನ್ನುವ ಬದಲು, ಇದು ಇರುವ ಅರ್ಧ ಗಂಟೆ ನನ್ನ ಜೊತೆಗಿರು ಎಂದು ಕೇಳಿ ನೋಡಿ. ನನ್ನ ಅನೇಕ ರೋಗಿಗಳಿಗೆ ಈ ಸಣ್ಣ ಬದಲಾವಣೆಯಿಂದ ಉಪಕಾರವಾಗಿದೆ.

ಚಿಕಿತ್ಸೆಯ ದಾರಿಗಳಿಗೆ ಬರೋಣ. ಪ್ರಾರ್ಥನೆ ಮಾತ್ರ ಸಾಕೆಂದು ಕಾಯುವುದು ಒಂದು ದಾರಿ. ಕೆಲವರಿಗೆ ತಾನಾಗಿಯೇ ಕಡಿಮೆಯಾಗುವುದುಂಟು. ಆದರೆ ನೀವು ಈಗಾಗಲೇ ಬಸ್ಸು ಬಿಟ್ಟಿದ್ದೀರಿ. ಮುಂದೆ ಸಂತೆ, ಆಮೇಲೆ ಶಾಲೆ, ಕೊನೆಗೆ ಆರಾಧನೆಯೂ ತಪ್ಪಬಹುದು. ಹೀಗೆ ಮನೆಯ ಹೊಸಿಲೇ ಗಡಿಯಾದವರನ್ನು ನೋಡಿದ್ದೇನೆ. ಈ ದಾರಿಯನ್ನು ನಿಮಗೆ ಸೂಚಿಸಲಾರೆ.

ಗುಳಿಗೆಯ ವಿಷಯದಲ್ಲಿ, ಮನೆಯಲ್ಲಿ ಉಳಿದಿರುವುದನ್ನು ನೀವಾಗಿಯೇ ಮತ್ತೆ ಶುರು ಮಾಡಬೇಡಿ. ಮೊದಲು ಕೊಟ್ಟ ವೈದ್ಯರ ಬಳಿಗೆ ಹೋಗಿ ನಡೆದದ್ದನ್ನು ಹೇಳಿ. ಬೈದಾರು ಎಂಬ ಸಂಕೋಚ ಬೇಡ, ಹೀಗೆ ನಡುವೆ ಬಿಟ್ಟು ಬರುವವರನ್ನು ನಾವು ದಿನವೂ ನೋಡುತ್ತೇವೆ. ಸಾಮಾನ್ಯವಾಗಿ ಕಡಿಮೆ ಪ್ರಮಾಣದಿಂದ ಆರಂಭಿಸುತ್ತಾರೆ. ಮೊದಲ ಒಂದೆರಡು ವಾರ ವಾಕರಿಕೆ, ತಲೆನೋವು, ಚಡಪಡಿಕೆ ಬರಬಹುದು. ಹೆದರಿಕೆಯೇ ತುಸು ಹೆಚ್ಚಾದಂತೆ ಅನ್ನಿಸಬಹುದು. ಇದನ್ನು ಮುಂಚೆಯೇ ಹೇಳದಿದ್ದರೆ ಜನ ಐದನೆಯ ದಿನಕ್ಕೆ ಬಿಟ್ಟುಬಿಡುತ್ತಾರೆ. ಪೂರ್ತಿ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಚೆನ್ನಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತೇವೆ. ಲೈಂಗಿಕ ಆಸಕ್ತಿ ತಗ್ಗುವ ತೊಂದರೆ ಕೆಲವರಿಗಿದೆ. ಹೇಳಲು ಮುಜುಗರಪಟ್ಟು ಗುಳಿಗೆ ಬಿಡುವ ಬದಲು ಹೇಳಿದರೆ ಪರಿಹಾರವಿದೆ. ಮತ್ತೊಂದು ಮಗುವಿನ ಯೋಚನೆಯಿದ್ದರೆ ಅದನ್ನೂ ಮೊದಲೇ ತಿಳಿಸಿ. ಇದು ಚಟ ಹಿಡಿಸುವ ಔಷಧವಲ್ಲ. ಚಟದ ಮಾತು ನಿಜವಾಗುವುದು ಆಲ್ಪ್ರಜೋಲಮ್, ಕ್ಲೋನಜೆಪಾಮ್ ಗುಂಪಿನ ಔಷಧಗಳಲ್ಲಿ. ಅವು ಅರ್ಧ ಗಂಟೆಯಲ್ಲಿ ತಣ್ಣಗೆ ಮಾಡುತ್ತವೆ, ಅದಕ್ಕೇ ಅಪಾಯ. ವೈದ್ಯರು ಕೆಲವೇ ವಾರಗಳ ಮಟ್ಟಿಗೆ ಕೊಟ್ಟರೆ ತೆಗೆದುಕೊಳ್ಳಿ, ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆಂದು ತರಿಸಿಕೊಳ್ಳಬೇಡಿ, ಬಹಳ ದಿನ ತೆಗೆದುಕೊಂಡಿದ್ದರೆ ಒಮ್ಮೆಲೇ ಬಿಡಲೂಬೇಡಿ.

ಮೂರನೆಯ ದಾರಿ ಮಾತಿನ ಚಿಕಿತ್ಸೆ, ಅದರಲ್ಲೂ ಸಿಬಿಟಿ ಎಂದು ಕರೆಯುವ, ಯೋಚನೆ ಮತ್ತು ವರ್ತನೆಯನ್ನು ತಿದ್ದುವ ಪದ್ಧತಿ. ಇದರ ಗುಣ ಬಹುಕಾಲ ಉಳಿಯುತ್ತದೆ, ಆದರೆ ಸುಲಭವಲ್ಲ: ಹೆದರಿದ್ದನ್ನೇ ಮೆಟ್ಟಿಲು ಮೆಟ್ಟಿಲಾಗಿ ಎದುರಿಸಬೇಕು. ನಿಮ್ಮ ಮಟ್ಟಿಗೆ ಮೊದಲ ವಾರ ಗದಗ ನಿಲ್ದಾಣದಲ್ಲಿ ನಿಂತ ಬಸ್ಸಿನಲ್ಲಿ ಹತ್ತು ನಿಮಿಷ ಕುಳಿತು ಇಳಿಯುವುದು, ಮುಂದೆ ಹುಲಕೋಟಿಯವರೆಗೆ ಹೋಗಿ ಬರುವುದು, ಅದು ಬೇಸರ ಬರುವಷ್ಟು ರೂಢಿಯಾದ ಮೇಲೆ ಅಣ್ಣಿಗೇರಿ, ಕೊನೆಗೆ ಹುಬ್ಬಳ್ಳಿ. ಪ್ರತಿ ಸಲವೂ ಎದೆ ಬಡಿತ ಏರಿ ತಾನಾಗಿಯೇ ಇಳಿಯುವ ತನಕ ಕುಳಿತಿರಬೇಕು. ತುದಿಯಲ್ಲಿರುವಾಗ ಇಳಿದು ಓಡಿದರೆ ಹೆದರಿಕೆ ಇನ್ನೂ ಗಟ್ಟಿಯಾಗುತ್ತದೆ. ಆಗ ಉಸಿರನ್ನು ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ ಬಿಡಿ. ಕಾಗದದ ಚೀಲದಲ್ಲಿ ಉಸಿರಾಡುವ ಹಳೆಯ ಉಪಾಯ ಬೇಡ. ನಿಮ್ಮ ಸ್ಥಿತಿಯಲ್ಲಿ ಗುಳಿಗೆ ಮತ್ತು ಈ ಅಭ್ಯಾಸ ಎರಡನ್ನೂ ಜೊತೆಯಾಗಿಯೇ ನಡೆಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರೂ ಇದ್ದಾರೆ. ಅಲ್ಲಿಗೆ ಹೋಗಲು ನೀವು ಹೆದರುವ ದಾರಿಯನ್ನೇ ಹಿಡಿಯಬೇಕೆಂಬುದು ಗೊತ್ತು. ಆರಂಭಕ್ಕೆ ಗದಗದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸಾಕು. ಟೆಲಿ-ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಬದುಕು ಸಾಕು ಎಂಬ ಯೋಚನೆ ಯಾವಾಗಲಾದರೂ ಬಂದರೆ ಅದೇ ಗಳಿಗೆಯಲ್ಲಿ ಆ ಸಂಖ್ಯೆಗೆ ಕರೆ ಮಾಡಿ, ಯಜಮಾನರಿಗೂ ಹೇಳಿ. ಮೆಟ್ಟಿಲು ಹತ್ತಿದಾಗ ಎದೆನೋವು ಬಂದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ಎಚ್ಚರ ತಪ್ಪಿದರೆ, ಇದೂ ಪ್ಯಾನಿಕ್ ಇರಬೇಕೆಂದು ಸುಮ್ಮನಿರದೆ ದವಾಖಾನೆಗೆ ಹೋಗಿ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸೇವಾಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ನಿಮ್ಮ ಬೆಟಗೇರಿಗೆ ಬಂದರು. ಬೆಟಗೇರಿಯಲ್ಲಿ ಅವರು ಪ್ರಾರ್ಥನಾಲಯದ ಜೊತೆಗೆ ಮುಂದೆ ದವಾಖಾನೆಯನ್ನೂ ಕಟ್ಟಿದರು. ನಿಮ್ಮ ಅಜ್ಜ ಅಜ್ಜಿಯರು ಜ್ವರಕ್ಕೆ ಅಲ್ಲಿ ಔಷಧ ತಂದು, ಭಾನುವಾರ ಅದೇ ಬಾಯಿಂದ ಸ್ತೋತ್ರ ಹಾಡಿರಬೇಕು. ಎರಡರ ನಡುವೆ ಆಯ್ಕೆ ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ನಿಮ್ಮದೇ ಚರ್ಚಿನ ಸಭಾಪಾಲಕರೊಡನೆ ಒಮ್ಮೆ ಕುಳಿತು ಮಾತಾಡಿ. ತಂದೆಯವರ ಸಾವಿನ ಬಗ್ಗೆ ನೀವು ಪತ್ರದಲ್ಲಿ ಒಂದೇ ವಾಕ್ಯ ಬರೆದಿದ್ದೀರಿ. ಆ ದುಃಖವನ್ನು ಯಾರ ಮುಂದಾದರೂ ಪೂರ್ತಿ ಅತ್ತು ಹೇಳಿದ್ದೀರಾ ಎಂಬ ಅನುಮಾನ ನನಗಿದೆ, ಮತ್ತು ಆ ಕೆಲಸದಲ್ಲಿ ಒಳ್ಳೆಯ ಸಭಾಪಾಲಕರು ನನಗಿಂತ ಮೇಲು.

ನಾದಿನಿಯವರ ಮೇಲೆ ಸಿಟ್ಟಾಗಬೇಡಿ. ನಿಮ್ಮ ಸಂಕಟವನ್ನು ನೋಡಲಾರದೆ ತನಗೆ ತಿಳಿದಲ್ಲಿಗೆ ಕರೆದೊಯ್ದರು. ಆ ಕೂಟದವರು ಕೈಯಿಟ್ಟು ಪ್ರಾರ್ಥಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಅವರನ್ನು ಒಂದು ಮಾತು ಕೇಳಿ: ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬಿಡಿ ಎನ್ನುತ್ತೀರಾ? ಇಲ್ಲ ಎಂದರೆ ನಿಮ್ಮ ಗುಳಿಗೆಗೂ ಅದೇ ಉತ್ತರ ಅನ್ವಯಿಸುತ್ತದೆ. ಹೌದು ಎಂದರೆ, ಅಥವಾ ಆತ್ಮ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ಅನ್ನ ನೀರು ಕೊಡದಿರುವುದು ನಡೆಯುತ್ತಿದ್ದರೆ, ಅಲ್ಲಿಂದ ಎದ್ದು ಬನ್ನಿ. ಹುಲಕೋಟಿಯವರೆಗಿನ ಮೊದಲ ಪ್ರಯಾಣಕ್ಕೆ ನಾದಿನಿಯವರನ್ನೇ ಜೊತೆಗೆ ಕರೆದುಕೊಳ್ಳಿ, ಪಕ್ಕದಲ್ಲಿ ಸುಮ್ಮನೆ ಕುಳಿತಿರಲಿ. ಎರಡನೆಯ ಪ್ರಯಾಣಕ್ಕೆ ಅವರು ಎರಡು ಸೀಟು ಹಿಂದೆ ಕೂರಲಿ, ಮೂರನೆಯದಕ್ಕೆ ನಿಲ್ದಾಣದಲ್ಲಿಯೇ ಉಳಿಯಲಿ.